ಹಾಲಮ್ಮನವರ ಚೀಲ

ನನ್ನಷ್ಟು ಅಚ್ಚುಕಟ್ಟಾಗಿ ಚೀಲ ಜೋಡಿಸುವ ಗಂಡಸು ಏಳೂರು ಸುತ್ತಿದರೂ ಸಿಗಲಾರ ಎಂದು ನಾನು ನಂಬಿಕೊಂಡಿದ್ದೆ. ಹೆಸರು ಮೌನೇಶಾಚಾರಿ, ಕಸುಬು ಹೊಲಿಗೆ ಮಿಷನ್ ರಿಪೇರಿ. ಖಾಕಿ ಕ್ಯಾನ್ವಾಸಿನ ಆ ಚೀಲವನ್ನು ಹೊಲಿದವನೂ ನಾನೇ. ಅದಕ್ಕೆ ಏಳು ಜೇಬು. ದೊಡ್ಡ ಸ್ಕ್ರೂ ಡ್ರೈವರು, ಸಣ್ಣ ಸ್ಕ್ರೂ ಡ್ರೈವರು, ಉದ್ದ ಮೂತಿಯ ಎಣ್ಣೆ ಡಬ್ಬಿ, ಚಿಮಟ, ಬಾಬಿನ್ನು, ಸೂಜಿ ಪೊಟ್ಟಣ, ಬೆಲ್ಟಿನ ತುಂಡು, ಇವು ಕಸುಬಿನವು. ಇವಲ್ಲದೆ ಟಾರ್ಚು, ಬೆಂಕಿಪೊಟ್ಟಣ, ಮೇಣದಬತ್ತಿಯ ಚೂರು, ಪಿನ್ನು, ಹುರಿಯುಂಡೆ, ನಾಲ್ಕು ಲವಂಗ, ಎರಡು ಕರವಸ್ತ್ರ, ಮಡಚುವ ಕೊಡೆ, ಒಂದು ಸೀಟಿ. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದದ್ದು ಬೆರಳಿಗೆ ಸಿಗಬೇಕು, ಯಾರ ಮುಂದೆಯೂ ಕೈ ಚಾಚಬಾರದು, ಇದು ನನ್ನ ವ್ರತ. ನಲವತ್ತಾರು ವರ್ಷವಾದರೂ ಮದುವೆಯಾಗದೆ ಉಳಿದದ್ದಕ್ಕೂ ಇದೇ ಕಾರಣವಿದ್ದೀತು.

ಆ ಊರಿನಲ್ಲಿ ಹಳೆಯ ಮಿಷನ್ ರಿಪೇರಿಯವನು ತೀರಿಕೊಂಡು ಅರವತ್ತು ಮಿಷನ್ನುಗಳು ಸುಮ್ಮನೆ ಕೂತಿವೆ ಎಂಬ ಸುದ್ದಿ ಕೇಳಿ ಹೋದವನು ನಾನು. ಹಾಲಮ್ಮನವರ ಮನೆಯ ಮುಂಗೋಣೆ ಬಾಡಿಗೆಗೆ ಸಿಕ್ಕಿತು, ಊಟವೂ ಅವರ ಕೈಯದೇ. ಅರವತ್ತೈದು ದಾಟಿದ, ಮಾತು ಕಡಿಮೆಯ ಹೆಂಗಸು. ಮುರಿದ ಮೂಳೆ ಕಟ್ಟುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವರು. ನಾನು ಹೋಗುವುದಕ್ಕೆ ನಾಲ್ಕು ತಿಂಗಳ ಹಿಂದೆ ಅವರ ಯಜಮಾನರು ಕರಿಬಸಪ್ಪನವರು ತೀರಿಕೊಂಡಿದ್ದರು. ಅಂದಿನಿಂದ ಹಾಲಮ್ಮನವರು ಒಂದೇ ಒಂದು ಮೂಳೆ ಕಟ್ಟಿರಲಿಲ್ಲ. ಕೈ ಜೋಲು ಹಾಕಿಕೊಂಡು ಅಂಗಳಕ್ಕೆ ಬಂದವರಿಗೆ ಜಗಲಿಯಿಂದಲೇ "ಹೊಳೆಯಾಚೆ ಹೋಗ್ರಪ್ಪಾ" ಎನ್ನುತ್ತಿದ್ದರು. ಹೊಳೆಯಾಚೆ ಅಂದರೆ ಒಂದು ಹಗಲಿನ ದಾರಿ. ಅಲ್ಲಿ ಮೂಳೆ ಕಟ್ಟುವವನೊಬ್ಬನಿದ್ದ. ಅವನ ಹತ್ತಿರ ಕಟ್ಟಿಸಿಕೊಂಡು ಬಂದವರ ಕೈಕಾಲು ಸೊಟ್ಟಗಾದದ್ದನ್ನು ನಾನೇ ಕಂಡೆ. ಪಾಪ, ದುಃಖ ಇನ್ನೂ ಆರಿಲ್ಲ ಎಂದುಕೊಂಡು ಸುಮ್ಮನಾದೆ. ನನ್ನ ಬುದ್ಧಿ ಓಡಿದ್ದು ಅಷ್ಟೇ ದೂರ.

ಮೊದಲು ಹೋದದ್ದು ಎರಡು ಬೀದಿ ಆಚೆಯ ಜುಲೇಖಾಬಿಯವರ ಮನೆಗೆ. ರವಿಕೆ ಹೊಲಿಯುವುದರಲ್ಲಿ ಊರಿಗೇ ಎತ್ತಿದ ಕೈ ಅವರದು. ಗಂಡ ದಾದಾಪೀರ್ ಸಾಬರು ಪಾತಾಳಗರಡಿ ಇಳಿಬಿಟ್ಟು ಬಾವಿಗೆ ಬಿದ್ದ ಕೊಡ ಬಿಂದಿಗೆ ಎತ್ತಿಕೊಡುವವರು. ನಾನು ಮಿಷನ್ನಿನ ಮುಂದೆ ಕೂತು, ಚೀಲ ಬಿಚ್ಚಿ, ಸಣ್ಣ ಸ್ಕ್ರೂ ಡ್ರೈವರನ್ನು ಸ್ಕ್ರೂವಿನ ಸೀಳಿಗೆ ಹಚ್ಚಿ ತಿರುಗಿಸಿದೆ. ಸ್ಕ್ರೂ ಜಪ್ಪಯ್ಯ ಅನ್ನಲಿಲ್ಲ. ದೊಡ್ಡದನ್ನು ಹಚ್ಚಿದೆ, ಬೆಣ್ಣೆಯ ಮೇಲೆ ಇಟ್ಟಂತೆ ಜಾರಿತು. ಎಣ್ಣೆ ಡಬ್ಬಿಯನ್ನು ಬೋರಲು ಹಿಡಿದು ಒತ್ತಿದರೆ ಒಂದು ಹನಿ ಬೀಳಲಿಲ್ಲ. ಡಬ್ಬಿ ತುಂಬಿತ್ತು! ಬೆವರು ಒರೆಸಿಕೊಳ್ಳೋಣವೆಂದರೆ ಕರವಸ್ತ್ರ ಬೆವರನ್ನೇ ಹೀರಲಿಲ್ಲ.

ದಾದಾಪೀರ್ ಸಾಬರು ಬಾಗಿಲಿಗೆ ಒರಗಿ ನೋಡುತ್ತಿದ್ದರು. "ಈ ಚೀಲ ಯಾರು ತುಂಬಿದ್ದು?" ಎಂದು ಕೇಳಿದರು.

"ನಾನೇ!" ಎಂದೆ ಎದೆಯುಬ್ಬಿಸಿ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಯಾ ಅಲ್ಲಾ, ಪಾಪ" ಎಂದರು ಜುಲೇಖಾಬಿ, ನನಗೆ ಯಾವುದೋ ದೊಡ್ಡ ಕಾಯಿಲೆ ಇರುವುದು ಈಗ ಗೊತ್ತಾಯಿತು ಎನ್ನುವ ಹಾಗೆ.

"ಇಲ್ಲಿ ನಮ್ಮ ಚೀಲ ನಾವು ತುಂಬ್ಕೊಳ್ಳೋದಿಲ್ಲ ಆಚಾರ್ರೇ" ಎಂದರು ಸಾಬರು. "ತುಂಬ್ಕೊಂಡ್ರೆ ಹೊಸಿಲು ದಾಟಿದ ಮೇಲೆ ಅದು ನಮ್ಮ ಮಾತು ಕೇಳೋದಿಲ್ಲ. ಮನೆ ಒಳಗೆ ಎಲ್ಲಾ ಸರಿ ಇರ್ತದೆ, ಆಚೆ ಬಂದ್ರೆ ಇಲ್ಲ. ನನ್ನ ಚೀಲ ಇವ್ಳು ತುಂಬ್ತಾಳೆ, ಇವ್ಳದ್ದು ನಾನು."

"ಹಾಗಾದ್ರೆ ನನ್ನದೂ ನೀವೇ ತುಂಬಿಬಿಡಿ ಸಾಬ್ರೇ."

ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದವನನ್ನು ನೋಡುವಂತೆ ಅವರು ನನ್ನನ್ನು ನೋಡಿದರು. "ಒಂದು ಕೈಗೆ ಒಂದೇ ಚೀಲ. ಮತ್ತೆ, ಕೇಳಿ ತುಂಬಿಸ್ಕೊಂಡ ಚೀಲಕ್ಕೆ ಅಡಿ ಇರೋದಿಲ್ಲ, ಎಲ್ಲಾ ಸೋರಿ ಹೋಗ್ತದೆ. ಹೀಗೆ ಇನ್ನೊಬ್ರ ಹತ್ರ ಕೇಳೋಕೆ ಹೋಗ್ಬೇಡಿ. ನಗ್ತಾರೆ."

ಆಮೇಲೆ ಕಣ್ಣು ಬಿಟ್ಟು ನೋಡಿದೆ. ಹೌದು, ಊರೆಲ್ಲ ಹಾಗೆಯೇ ನಡೆಯುತ್ತಿತ್ತು. ಬೆಳಗಾದರೆ ಪ್ರತಿ ಮನೆಯ ಜಗಲಿಯಲ್ಲಿ ಒಬ್ಬರು ಇನ್ನೊಬ್ಬರ ಚೀಲ ಬಿಚ್ಚಿಕೊಂಡು ಕೂತಿರುತ್ತಿದ್ದರು. ಟಪಾಲಿನವನ ಚೀಲವನ್ನು ಎದುರುಮನೆಯ ಕ್ಷೌರಿಕ ತುಂಬುತ್ತಿದ್ದ, ಕ್ಷೌರಿಕನದನ್ನು ಟಪಾಲಿನವನ ಅತ್ತೆ. ಜಗಳವಾಡಿದ ಗಂಡ ಹೆಂಡಿರೂ ತುಂಬುವುದನ್ನು ಬಿಡುತ್ತಿರಲಿಲ್ಲ. ಅಕ್ಕಿ ಗಿರಣಿಯವನಿಗೆ ಅವನ ಹೆಂಡತಿ ಒಂದು ವಾರ ಬರೀ ಹಾಗಲಕಾಯಿ ತುಂಬಿ ಕಳಿಸಿದ್ದಳಂತೆ. ಅವನು ಒಂದು ಮಾತೂ ಆಡದೆ ದಿನಾ ಹಾಗಲಕಾಯಿ ಹೊತ್ತು ಹೋಗಿ ಹೊತ್ತು ಬಂದ. ಇನ್ನೊಬ್ಬರು ತುಂಬಿದ್ದನ್ನು ಬೀದಿಯಲ್ಲಿ ಬಿಚ್ಚಿ ಹೆಸರಿಡುವುದು ಅಲ್ಲಿ ಮರ್ಯಾದೆಯಲ್ಲ.

ನಾನು ಸುಮ್ಮನೆ ಸೋಲುವವನೇ? ಚೀಲ ಬಿಟ್ಟು ಸ್ಕ್ರೂ ಡ್ರೈವರನ್ನು ಜೇಬಿನಲ್ಲಿಟ್ಟುಕೊಂಡು ಹೋದೆ, ಆಗಲಿಲ್ಲ. ಕೈಯಲ್ಲೇ ಹಿಡಿದು ಹೋದೆ, ಆಗಲಿಲ್ಲ. ಗಿರಣಿಯವನ ಸ್ಪ್ಯಾನರನ್ನು ಕಡ ತಂದೆ, ಅದು ಅವನ ಕೈಗೆ ಮಾತ್ರ ಒದಗಿತು. ಕಾಲುಮಿಷನ್ನನ್ನು ಹೊತ್ತು ತಂದು ನನ್ನ ಕೋಣೆಯಲ್ಲಿ ಇಡಿ ಅಂದರೆ ಯಾರು ಇಟ್ಟಾರು? ಒಂದು ಸಂಜೆ ಜೋರು ಮಳೆ ಬಂತು. ಬಿಚ್ಚದ ಕೊಡೆಯನ್ನು ಕತ್ತಿಯಂತೆ ಹಿಡಿದುಕೊಂಡು ಬೀದಿಯುದ್ದ ತೋಯ್ದು ಬಂದೆ. ಹೀಗೆ ಹತ್ತೊಂಬತ್ತು ದಿನ. ಶನಿವಾರ ಊರು ಬಿಡುವುದೆಂದು ತೀರ್ಮಾನಿಸಿದೆ.

ಶುಕ್ರವಾರ ಬೆಳಿಗ್ಗೆ ಎದ್ದು ಬಂದರೆ ನನ್ನ ಖಾಕಿ ಚೀಲ ಜಗಲಿಯ ಮೇಲೆ ಉಬ್ಬಿಕೊಂಡು ಕೂತಿತ್ತು. ಹಾಲಮ್ಮನವರು ಕಂಬಕ್ಕೆ ಒರಗಿ ಎಲೆಯಡಿಕೆ ಹಾಕುತ್ತಿದ್ದರು. "ನೋಡಿ ಆಚಾರ್ರೇ, ಒದಗಿದ್ರೆ ಒದಗ್ತು" ಎಂದರು, ಅಷ್ಟೇ. ಒಳಗೆ ನೋಡಿದರೆ ನನ್ನ ಏಳು ಜೇಬಿಗೆ ಕವಡೆಯಷ್ಟೂ ಕಿಮ್ಮತ್ತಿಲ್ಲ! ಸ್ಕ್ರೂ ಡ್ರೈವರುಗಳೂ ಎಣ್ಣೆ ಡಬ್ಬಿಯೂ ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ಮೇಲೆ ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ, ಚಟ್ನಿಪುಡಿ, ಅರ್ಧ ಹೋಳು ನಿಂಬೆಹಣ್ಣು. ಬಿಸಿಲಿಗೆ ನನಗೆ ತಲೆಸುತ್ತು ಬರುತ್ತದೆ, ಮಧ್ಯಾಹ್ನದ ಊಟವನ್ನು ನಾನು ಮರೆಯುತ್ತೇನೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಜುಲೇಖಾಬಿಯವರ ಮನೆಗೆ ಓಡಿದೆ. ಸ್ಕ್ರೂ ತಿರುಗಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಸ್ಕ್ರೂ ಕಾಲು ಸುತ್ತು ತಿರುಗಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಸಂಜೆಯ ಹೊತ್ತಿಗೆ ಮೂರು ಮಿಷನ್ನು ಓಡಿಸಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಹಾಗೆ ಊರಿನ ಒಂದು ಮನೆಯನ್ನೂ ಬಿಡದೆ ಹತ್ತಿ ಇಳಿದೆ. ಒಂದೇ ಒಂದು ವಿಷಯ ಮಾತ್ರ ನನಗೆ ಉರಿ ಹತ್ತಿಸುತ್ತಿತ್ತು. ಮಿಷನ್ನಿನ ಹೊಟ್ಟೆಯೊಳಗೆ ತಲೆ ಹಾಕಿ ಕಸ ತೆಗೆದು ಬೆನ್ನು ಮುರಿದುಕೊಂಡವನು ನಾನು. ಅದು ಓಡಿದ ಕೂಡಲೇ ಮನೆಯವರು "ಹಾಲಮ್ಮನ ಕೈಗುಣ ನೋಡ್ರೀ!" ಎನ್ನುತ್ತಿದ್ದರು. ಅವರ ಮನೆಗೆ ಬೆಲ್ಲ, ತೆಂಗಿನಕಾಯಿ ಹೋಗುತ್ತಿದ್ದವು. ನನಗೆ ಒಂದು ಲೋಟ ನೀರು.

ಹಾಗೆ ಬೆಲ್ಲ ಹೋದ ಒಂದು ದಿನ ದಾದಾಪೀರ್ ಸಾಬರು ನನ್ನನ್ನು ಬಾವಿಕಟ್ಟೆಯಲ್ಲಿ ಕೂರಿಸಿಕೊಂಡರು. "ಹಾಲಮ್ಮನೋರು ನಿಮಗೆ ತುಂಬ್ತಾರೆ. ನೀವು ಯಾರಿಗೆ ತುಂಬ್ತೀರಿ ಆಚಾರ್ರೇ?"

"ನನಗ್ಯಾಕ್ರೀ ಸಾಬ್ರೇ ಆ ಉಸಾಬರಿ? ನನ್ನ ಕೆಲಸ ನನಗೆ ಬೇಕಾದಷ್ಟಿದೆ" ಎಂದೆ.

ಅವರು ಏನೋ ಹೇಳಹೋಗಿ ಬಾಯಿ ಮುಚ್ಚಿಕೊಂಡರು. ಇನ್ನೊಬ್ಬರ ಪರವಾಗಿ ಕೇಳಿದರೂ ಚೀಲದ ಅಡಿ ಹೋಗುತ್ತದೆ. ಹಗ್ಗ ಸುತ್ತಿಕೊಂಡು ಎದ್ದು ನಡೆದರು. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ನಾನೇ ಎಷ್ಟು ಜನಕ್ಕೆ ಹೇಳಿಲ್ಲ!

ಇದಾಗಿ ಒಂದು ತಿಂಗಳ ಮೇಲೆ, ಸೋಮವಾರ ಬೆಳಿಗ್ಗೆ, ನಾನು ಜಗಲಿಯಲ್ಲಿ ರೊಟ್ಟಿ ತಿನ್ನುತ್ತಿದ್ದಾಗ ಸಾಬರು ಓಡಿ ಬಂದರು. ಸೊಂಟದಲ್ಲಿ ಒದ್ದೆ ಹಗ್ಗ ಹಾಗೇ ಇತ್ತು. ಅಂಗಳದ ನಡುವೆ ನಿಂತು, "ಜುಲೇಖಾ ಅಟ್ಟದ ಏಣಿಯಿಂದ ಬಿದ್ಲು. ಬಲಗಾಲು. ಮೊಣಕಾಲ ಕೆಳಗೆ" ಎಂದರು. ಬನ್ನಿ ಎಂದು ಕೇಳಲಿಲ್ಲ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

ಹಾಲಮ್ಮನವರ ಮುಖ ಬಿಳಿಚಿತು. "ಎತ್ತಿ ಅಲುಗಿಸ್ಬೇಡ್ರಿ. ಹೊತ್ಕೊಂಡು ಎಲ್ಲಿಗೂ ಹೋಗ್ಬೇಡ್ರಿ" ಎಂದರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, "ಹೊಳೆಯಾಚೆಯೋನು ಬರೋದು ನಾಳೆ. ಅಷ್ಟರಲ್ಲಿ ಊದಿಬಿಡ್ತದೆ. ಊದಿದ ಮೇಲೆ ಮೂಳೆ ಕೈಗೆ ಸಿಗೋದಿಲ್ಲ. ಇವತ್ತು ಸಂಜೆಯೊಳಗೆ ಕೂಡ್ಸದಿದ್ರೆ ಆ ಕಾಲು ಸೊಟ್ಟಾನೇ" ಎಂದರು. ಸೊಟ್ಟ ಕಾಲಿನಲ್ಲಿ ಮಿಷನ್ ತುಳಿಯಲಾಗದು ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಬಲಗಾಲೇ ಲಯ ಹಿಡಿಯುವುದು, ಎಡಗಾಲು ಬರೀ ಜೊತೆ.

"ಮತ್ತೆ ಹೊರಡಿ ಅಮ್ಮಾ! ಇಲ್ಲೇ ಕೂತ್ರೆ ಹೇಗೆ?" ಎಂದು ಕೂಗಿದೆ.

ಅವರು ಎರಡೂ ಅಂಗೈ ಬಿಡಿಸಿ ತೋರಿಸಿದರು. "ಖಾಲಿ ಚೀಲ ಹಿಡ್ಕೊಂಡು ಹೋಗಿ ಏನು ಮಾಡ್ಲಿ? ಇಲ್ಲಿಗೇ ಹೊತ್ತು ತಂದು ಕಟ್ಟಿದ್ರೂ, ನಮ್ಮ ಹೊಸಿಲು ದಾಟಿದ ಕೂಡ್ಲೇ ಗಂಟು ಬಿಚ್ಕೊಳ್ತದೆ. ಮೂವತ್ತೆಂಟು ವರ್ಷ ತುಂಬಿದ ಕೈ ಮಣ್ಣಿಗೆ ಹೋಯ್ತಲ್ಲ."

ತಿನ್ನುತ್ತಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟೆ. ಆರು ವಾರ ಅವರು ತುಂಬಿದ ಚೀಲ ಹೊತ್ತು ಊರೆಲ್ಲ ಮೆರೆದಿದ್ದೆ. ಅವರು ದಿನವೂ ಜಗಲಿಯಲ್ಲಿ ಕೂತು ನೋವಿನವರನ್ನು ಹೊಳೆಯಾಚೆಗೆ ಕಳಿಸುತ್ತಿದ್ದದ್ದು ದುಃಖದಿಂದಲ್ಲ. ಅವರ ಚೀಲಕ್ಕೆ ಕೈ ಇರಲಿಲ್ಲ. ನನ್ನ ಕೈ ಅದೇ ಮನೆಯಲ್ಲಿ, ಅವರು ಇಟ್ಟ ತಟ್ಟೆಯಲ್ಲಿ, ರೊಟ್ಟಿ ಮುರಿಯುತ್ತಿತ್ತು.

ಒಳಗೆ ಓಡಿದೆ. ಅವರ ಬಟ್ಟೆ ಚೀಲ ಗೂಟದ ಮೇಲಿತ್ತು. ನಾನು ಎಂಥವನು ಎಂದು ಊರಿಗೆ ತೋರಿಸುವ ಗಳಿಗೆ ಬಂತು ಎಂದುಕೊಂಡೆ. ಬಿದಿರಿನ ದಬ್ಬೆ ಹನ್ನೆರಡು, ಉದ್ದದ ಪ್ರಕಾರ ಜೋಡಿಸಿದ್ದು. ಹತ್ತಿ ಬಟ್ಟೆಯ ಸುರುಳಿ ಎಂಟು, ಒಂದೇ ಅಳತೆ. ಉದ್ದಿನ ಹಿಟ್ಟು, ಚಿಂದಿಯಲ್ಲಿ ಸುತ್ತಿದ ನಾಲ್ಕು ಮೊಟ್ಟೆ, ಎಳ್ಳೆಣ್ಣೆ, ಕತ್ತರಿ, ಹುರಿ, ನನ್ನ ಟಾರ್ಚು, ಲವಂಗ, ಮೇಣದಬತ್ತಿ, ಪಿನ್ನು, ಸೀಟಿ. ಇಷ್ಟನ್ನೂ ಚೀಲ ಹರಿಯದಂತೆ ಕೂರಿಸಿದೆ. ಸ್ವರ್ಗದಿಂದ ಕರಿಬಸಪ್ಪನವರು ಇಳಿದು ಬಂದರೂ ಭೇಷ್ ಎನ್ನಬೇಕು, ಹಾಗೆ. ಹಾಲಮ್ಮನವರು ಅದನ್ನು ಹೆಗಲಿಗೆ ಹಾಕಿದಾಗ ಒಂದು ಪಕ್ಕಕ್ಕೆ ವಾಲಿದರು. ಮೂಗಿಗಿಂತ ಮೂಗುತಿ ಭಾರ. ಆದರೂ ಅವರ ನಡಿಗೆ ಓಟದಂತಿತ್ತು. ಆರು ತಿಂಗಳು ನೀರಿಲ್ಲದೆ ಇದ್ದವರು ಬಾವಿಯ ಕಡೆ ನಡೆದ ಹಾಗೆ.

ಜುಲೇಖಾಬಿಯವರು ನೆಲದ ಮೇಲೆ ಸೆರಗು ಕಚ್ಚಿಕೊಂಡು ಮಲಗಿದ್ದರು. ಹಾಲಮ್ಮನವರು ಕಾಲನ್ನು ಸವರಿ, ಮೂಳೆ ಹುಡುಕಿ, ಎಳೆದು ಕೂಡಿಸಿದರು. ಸಾಬರು ಹಿಡಿದುಕೊಂಡರು. ದಬ್ಬೆ ಇಟ್ಟು ಬಟ್ಟೆ ಸುತ್ತಿ ಗಂಟು ಹಾಕಿದರೆ ಗಂಟು ತಾನಾಗಿ ಬಿಚ್ಚಿಕೊಂಡಿತು. ದಬ್ಬೆ ಜಾರಿತು. ಜೊತೆಗೆ ಮೂಳೆಯೂ ಜಾರಿತು. ಜುಲೇಖಾಬಿ ಕೂಗಿದ್ದನ್ನು ನಾನು ಮರೆಯುವುದಿಲ್ಲ. ಮತ್ತೊಮ್ಮೆ ಕೂಡಿಸಿದರು, ಮತ್ತೊಮ್ಮೆ ಬಿಚ್ಚಿತು. ಮೊಟ್ಟೆಯ ಬಿಳಿಗೆ ಹಿಟ್ಟು ಕಲೆಸಿದರೆ ಮರಳಿನಂತೆ ಬೇರೆ ಬೇರೆ ನಿಂತಿತು. ಹಾಲಮ್ಮನವರು ಕಾಲಿನ ಕೆಳಗೆ ದಿಂಬು ಕೊಡಿಸಿ, ಚೀಲಕ್ಕೆ ಕೈ ಹಾಕಿ ಸೀಟಿ ಹೊರಗೆ ತೆಗೆದರು.

"ಇದು ಯಾಕೆ?"

"ದಾರಿ ತಪ್ಪಿದ್ರೆ ಊದೋದಕ್ಕೆ..."

"ಹುಟ್ಟಿ ಬೆಳೆದ ಊರಲ್ಲಿ ನಾನು ದಾರಿ ತಪ್ತೀನಾ ಆಚಾರ್ರೇ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿತು. "ಇದು ನಿಮ್ಮ ಚೀಲ. ನಿಮಗೋಸ್ಕರ ನೀವೇ ತುಂಬ್ಕೊಂಡು ನನ್ನ ಹೆಗಲಿಗೆ ಹಾಕಿದ್ದೀರಿ. ಹೇಗೆ ಒದಗ್ತದೆ?"

ಸೂರ್ಯ ನೆತ್ತಿ ದಾಟಿದ್ದ. ಮೊಣಕಾಲ ಕೆಳಗೆ ಚರ್ಮ ಆಗಲೇ ಮಿರಮಿರ ಹೊಳೆಯುತ್ತಿತ್ತು, ಊತ ಏರುತ್ತಿತ್ತು. ನಾನು ಚೀಲ ಕಸಿದುಕೊಂಡು ಮನೆಗೆ ಓಡಿದೆ. ಎಲ್ಲವನ್ನೂ ನೆಲಕ್ಕೆ ಸುರಿದು ಖಾಲಿ ಚೀಲದ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಏನು ಹಾಕಲಿ? ಮೂಳೆ ಕಟ್ಟುವುದಕ್ಕೆ ಏನೇನು ಬೇಕು ಎಂಬುದು ಗೊತ್ತಿತ್ತು. ಹಾಲಮ್ಮನವರಿಗೆ ಏನು ಬೇಕು ಎಂಬುದು ಗೊತ್ತಿರಲಿಲ್ಲ. ಎರಡು ತಿಂಗಳು ಆ ಹೆಂಗಸಿನ ಕೈಯಲ್ಲಿ ಉಂಡಿದ್ದೇನೆ, ಅವರು ಬಲಗೈಯವರೋ ಎಡಗೈಯವರೋ ಕೇಳಿದರೆ ಹೇಳಲಾರೆ ಎನ್ನಿಸಿ ಅಳು ಬಂತು.

ಆಗ ಗೂಡಿನಲ್ಲಿದ್ದ ಅವರ ಕನ್ನಡಕ ಕಣ್ಣಿಗೆ ಬಿತ್ತು. ಅಕ್ಕಿ ಆರಿಸುವಾಗ ಅದು ಮೂಗಿನಿಂದ ಜಾರುತ್ತಿತ್ತು. ನಾಲ್ಕು ಕಾಳಿಗೊಮ್ಮೆ ಮೊಣಕೈಯಿಂದ ಮೇಲೆ ತಳ್ಳುತ್ತಿದ್ದರು, ಕೊನೆಗೆ ಬೇಸತ್ತು ತೆಗೆದಿಡುತ್ತಿದ್ದರು. ಇವತ್ತೂ ಬಿಟ್ಟೇ ಹೋಗಿದ್ದರು, ಸರಿಯಾಗಿ ಕಾಣದ ಕಣ್ಣಿನಲ್ಲೇ ಮೂಳೆ ಹುಡುಕಿದ್ದರು. ಎತ್ತಿ ನೋಡಿದೆ. ಕಡ್ಡಿಯ ಸ್ಕ್ರೂ ಸಡಿಲವಾಗಿತ್ತು, ಅಷ್ಟೇ! ಊರಿನ ಅರವತ್ತು ಮಿಷನ್ನುಗಳ ಸ್ಕ್ರೂ ಬಿಗಿ ಮಾಡಿದ ಮಹಾಶಯ ನಾನು. ದಿನಾ ನನ್ನೆದುರಿಗೆ ಕೂತು ನನಗಾಗಿ ಅಕ್ಕಿ ಆರಿಸುತ್ತಿದ್ದವರ ಮೂಗಿನ ಮೇಲಿನ ಒಂದು ಸ್ಕ್ರೂ ಕಂಡಿರಲಿಲ್ಲ. ಮನೆಯೊಳಗೆ ನನ್ನ ಸಾಮಾನು ಒದಗುತ್ತಿತ್ತಲ್ಲ, ಸಣ್ಣ ಸ್ಕ್ರೂ ಡ್ರೈವರಿನಿಂದ ಎರಡು ಸುತ್ತು ಕೊಟ್ಟೆ. ಮುಗಿಯಿತು. ಅದನ್ನು ಮೊದಲು ಚೀಲಕ್ಕೆ ಹಾಕಿದೆ.

ಒಂದು ಬಂದದ್ದೇ ತಡ, ಉಳಿದವೂ ಒಂದೊಂದಾಗಿ ಬಂದವು. ಅವರ ಎಡಗೈ ಹೆಬ್ಬೆರಳಿಗೆ ಶಕ್ತಿಯಿಲ್ಲ. ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಹೊಟ್ಟೆಗೆ ಒತ್ತಿ ಹಿಡಿದು ತೆಗೆಯುತ್ತಾರೆ, ಗಂಟುಗಳನ್ನು ಹಲ್ಲಿನಿಂದ ಎಳೆಯುತ್ತಾರೆ. ಹಾಗಾದರೆ ಪಟ್ಟಿ ಉದ್ದ ಇರಬೇಕು, ಅಂಗೈಗೆ ಒಂದು ಸುತ್ತು ಸುತ್ತಿ ಎಳೆಯುವಷ್ಟು. ಅವರ ಹಳೆಯ ನೂಲಿನ ಸೀರೆಯನ್ನೇ ಹರಿದೆ, ಮೆತ್ತಗಿದ್ದದ್ದು. ಬರಿನೆಲಕ್ಕೆ ಮಂಡಿ ಊರಿದರೆ ಏಳುವಾಗ ಕಂಬ ಹಿಡಿಯುತ್ತಾರೆ. ಗೋಣಿತಾಟನ್ನು ನಾಲ್ಕು ಮಡಿಕೆ ಮಾಡಿ ಹಾಕಿದೆ. ನಾಲ್ಕು ಮಾತಾಡಿದರೆ ಅವರ ಬಾಯಿ ಒಣಗುತ್ತದೆ. ಸಣ್ಣ ತಂಬಿಗೆಯಲ್ಲಿ ಮಜ್ಜಿಗೆ, ಕಲ್ಲುಪ್ಪು, ಮೇಲೆ ಬಾಳೆಎಲೆ ಕಟ್ಟಿದೆ. ಹಿಟ್ಟು, ಎರಡು ಮೊಟ್ಟೆ. ದಬ್ಬೆ ಹನ್ನೆರಡರ ಬದಲು ನಾಲ್ಕು. ಕೆಲಸ ಮುಗಿದ ಮೇಲೆ ಅವರಿಗೆ ಎಲೆಯಡಿಕೆ ಬೇಕು, ಅದನ್ನೂ ಇಟ್ಟೆ. ಚೀಲ ಕಟ್ಟಿ ಎತ್ತಿದರೆ ಹಗುರ. ಚೆನ್ನಾಗಿ ಕಾಣುತ್ತಿದೆಯೇ ಎಂದು ನೋಡಲೂ ಹೋಗದೆ ಓಡಿದೆ.

ಹಾಲಮ್ಮನವರು ಚೀಲ ಬಿಚ್ಚಿ ಮೊದಲು ಕನ್ನಡಕ ತೆಗೆದರು. ಹಾಕಿಕೊಂಡರು. ತಲೆ ಬಗ್ಗಿಸಿದರು, ಜಾರಲಿಲ್ಲ. ಮತ್ತೆ ಬಗ್ಗಿಸಿದರು. ನನ್ನ ಕಡೆ ಒಮ್ಮೆ ನೋಡಿ ಗೋಣಿತಾಟು ಹಾಸಿ ಮಂಡಿಯೂರಿದರು. ಎರಡು ಗುಟುಕು ಮಜ್ಜಿಗೆ ಕುಡಿದರು. ಊದಿದ ಕಾಲಿನ ಮೇಲೆ ಬೆರಳು ಇಟ್ಟು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಹುಡುಕಿದರು. ಸಾಬರ ತುಟಿ ಅಲುಗುತ್ತಿತ್ತು, ಶಬ್ದ ಬರುತ್ತಿರಲಿಲ್ಲ. "ಹಿಡೀರಿ ಸಾಬ್ರೇ. ಜುಲೇಖಾ, ಈಗ ಬೈಯೋದಿದ್ರೆ ಬೈದುಬಿಡವ್ವ" ಎಂದು ಹಾಲಮ್ಮನವರು ಎಳೆದರು. ಟಕ್ಕೆಂದಿತು. ಜುಲೇಖಾಬಿ ನಿಜಕ್ಕೂ ಬೈದರು, ಹಾಲಮ್ಮನವರನ್ನಲ್ಲ, ಆ ಏಣಿ ಮಾಡಿದ ಬಡಗಿಯನ್ನು, ಅವನ ಏಳು ತಲೆಮಾರನ್ನು. ಅಷ್ಟರಲ್ಲಿ ಹಿಟ್ಟು ಕಲೆತು ಅಂಟಾಗಿತ್ತು. ದಬ್ಬೆ ಕೂತಿತು. ಪಟ್ಟಿ ಅಂಗೈ ಸುತ್ತಿ ಬಿಗಿಯಾಯಿತು, ಗಂಟು ನಿಂತಿತು.

ಹೊರಗೆ ಬಂದಾಗ ಬೀದಿಯ ಹೆಂಗಸರು "ಆಚಾರ್ರ ಕೈಗುಣ" ಎಂದರು. ನಾನು ತಲೆ ತಗ್ಗಿಸಿದೆ. ಹಾಲಮ್ಮನವರ ಮನೆಗೆ ಬೆಲ್ಲ ಹೋದಾಗ ಹೊಟ್ಟೆಕಿಚ್ಚು ಪಟ್ಟದ್ದೂ ಇದೇ ಮನುಷ್ಯನಲ್ಲವೇ?

ಆದರೆ ಮೂಳೆ ನೆಟ್ಟಗೆ ಕೂಡಿತೋ ಇಲ್ಲವೋ ಕಟ್ಟು ಬಿಚ್ಚುವ ತನಕ ದೇವರಿಗೂ ಗೊತ್ತಾಗುವುದಿಲ್ಲ. ನನ್ನ ಮೊದಲ ಚೀಲದಿಂದಾಗಿ ಎರಡು ಸಲ ಜಾರಿದ ಮೂಳೆ, ಅರ್ಧ ದಿನ ಏರಿದ ಊತ. ನಲವತ್ತೈದು ದಿನ ಅನ್ನ ರುಚಿಸಲಿಲ್ಲ. ದಿನಾ ಬೆಳಿಗ್ಗೆ ನಾನು ಹಾಲಮ್ಮನವರ ಚೀಲ ತುಂಬಿದೆ, ಅವರು ನನ್ನದು ತುಂಬಿದರು. ಸುದ್ದಿ ಹಬ್ಬಿ ಅಂಗಳ ತುಂಬಿತು. ಗಿರಣಿಯವನ ಮಣಿಕಟ್ಟು, ತೋಟದವನ ಪಕ್ಕೆ, ಒಬ್ಬ ಅಜ್ಜಿಯ ಸೊಂಟ. ಸಂಜೆ ಅವರು ಸುಸ್ತಾಗಿ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತರೆ ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ನಾನೋ, ದಾರಿಯಲ್ಲಿ ಸಾಬರನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಿದ್ದೆ.

ಕಟ್ಟು ಬಿಚ್ಚಿದ ದಿನ ನನ್ನನ್ನೂ ಕರೆದರು. ಪಟ್ಟಿಯ ಕೊನೆಯ ಸುತ್ತು ಬಿದ್ದಾಗ ನಾನು ಗೋಡೆ ನೋಡುತ್ತಿದ್ದೆ. "ನೋಡ್ರೀ ಆಚಾರ್ರೇ" ಎಂದರು ಹಾಲಮ್ಮನವರು. ಬಡಕಲಾಗಿ, ಬಿಳಿಚಿಕೊಂಡು, ಹೊಟ್ಟು ಎದ್ದ ಕಾಲು. ನೂಲು ಹಿಡಿದು ನೋಡಿದಂತೆ ನೆಟ್ಟಗಿತ್ತು. ಜುಲೇಖಾಬಿಯವರು ಗಂಡನ ಹೆಗಲು ಹಿಡಿದು ನಡೆದು ಮಿಷನ್ನಿನ ಮುಂದೆ ಕೂತು, ಒಂದು ಚಿಂದಿ ಬಟ್ಟೆ ಇಟ್ಟು, ಬಲಗಾಲು ಊರಿ ತುಳಿದರು. ಮೊದಲು ಎರಡು ಮೂರು ಸಲ ಗಾಲಿ ಹಿಂದಕ್ಕೆ ಹೋಯಿತು, ಆಮೇಲೆ ಲಯ ಸಿಕ್ಕಿತು. ಇಷ್ಟು ವರ್ಷ ಮಿಷನ್ನಿನ ಸದ್ದು ಕೇಳಿದ್ದೇನೆ, ಆ ಸದ್ದಿಗೆ ಕೈ ಮುಗಿಯಬೇಕು ಎನ್ನಿಸಿದ್ದು ಅಂದೇ. ಸಾಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು, ಹೊರಗೆ ಬಂದು ಕಣ್ಣಿಗೆ ಧೂಳು ಬಿತ್ತು ಎಂದರು.

ಮನೆಗೆ ನಡೆದು ಬರುವಾಗ ನಾನು ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದ ಮಾತನ್ನು ಕೇಳಿದೆ. "ಅಮ್ಮಾ, ಹತ್ತೊಂಬತ್ತು ದಿನ ನನ್ನ ಪಾಡು ನೋಡ್ತಾ ಇದ್ರಿ. ಯಜಮಾನರು ಹೋದ ಮೇಲೆ ನಿಮ್ಮ ಕೈ ಖಾಲಿ ಇತ್ತಲ್ಲ. ಮೊದಲನೇ ದಿನವೇ ಯಾಕೆ ತುಂಬ್ಲಿಲ್ಲ?"

"ಖಾಲಿ ಇರ್ಲಿಲ್ಲ" ಎಂದರು. "ಅವರದ್ದೇ ತುಂಬ್ತಿದ್ದೆ."

"ಯಾರದ್ದು?"

"ನಮ್ಮವರದ್ದು. ಸತ್ತ ಮಾರನೇ ದಿನಾನೂ ಕೈ ಸುಮ್ನಿರ್ಲಿಲ್ಲ. ಬೆಳಿಗ್ಗೆ ತುಂಬಿ ಗೂಟಕ್ಕೆ ಹಾಕೋದು, ಸಂಜೆ ತೆಗೆದು ಒರೆಸಿ ಇಡೋದು. ಊರಿಗೆಲ್ಲಾ ಗೊತ್ತು, ಯಾರೂ ಏನೂ ಅನ್ನಲಿಲ್ಲ. ಸತ್ತವರ ಚೀಲ ತುಂಬೋದು ಸುಲಭ ಆಚಾರ್ರೇ. ಅವರಿಗೆ ಬೇಕಾದ್ದು ಬದಲಾಗೋದಿಲ್ಲ. ನಿನ್ನೆ ಏನೋ ಇವತ್ತೂ ಅದೇ." ಬಾಯಿ ಒಣಗಿತು, ನಿಂತರು. ನಾನು ಅವರ ಚೀಲದಿಂದ ತಂಬಿಗೆ ತೆಗೆದು ಕೊಟ್ಟೆ. ಕುಡಿದು ಮುಂದುವರಿಸಿದರು. "ನೀವು ಊರು ಬಿಡ್ತೀರಿ ಅಂತ ಗೊತ್ತಾಯ್ತು. ಅವತ್ತು ಬೆಳಿಗ್ಗೆ ಅವರದ್ದನ್ನ ಬಿಚ್ಚಿದೆ. ಒಂದು ಕೈಗೆ ಒಂದೇ ಚೀಲ ಅಲ್ವಾ. ಬಿಚ್ಚೋಕೆ ಬಹಳ ಹೊತ್ತು ಹಿಡೀತು. ಆಮೇಲೆ ನಿಮ್ಮದರ ಮುಂದೆ ಕೂತೆ, ಈ ಮನುಷ್ಯನಿಗೆ ಏನು ಬೇಕೋ ಗೊತ್ತೇ ಆಗ್ಲಿಲ್ಲ. ಊಟ ಮರೀತಾರೆ ಅಂತ ನೆನಪಾಯ್ತು, ರೊಟ್ಟಿ ಸುಟ್ಟೆ. ನಾಲ್ಕು ತಿಂಗಳಾದ ಮೇಲೆ ಅವತ್ತೇ ಒಲೆ ಮುಂದೆ ನಾನೂ ಕೂತು ಒಂದು ರೊಟ್ಟಿ ತಿಂದದ್ದು."

ಯಾರ ಮುಂದೆಯೂ ಕೈ ಚಾಚಬಾರದೆಂದು ವ್ರತ ಹಿಡಿದವನು ನಾನು. ನನಗಾಗಿ ಈ ಹೆಂಗಸು ಮೂವತ್ತೆಂಟು ವರ್ಷದ ಗಂಡನ ಚೀಲವನ್ನು ಬಿಚ್ಚಿದ್ದರು, ಅದನ್ನು ನಾನು ಕೇಳಿರಲೂ ಇಲ್ಲ. ಮೂರು ತಿಂಗಳು ಅವರು ತುಂಬಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು ತಿರುಗಿದ್ದರೂ ತಿಳಿದಿರಲಿಲ್ಲ. ನನ್ನ ಜನ್ಮದಲ್ಲಿ ಯಾರಿಗೂ ಅಷ್ಟು ಕೃತಜ್ಞನಾಗಿರಲಿಲ್ಲ, ಆಮೇಲೂ ಆಗಿಲ್ಲ. ಹಗಲು ಹೊತ್ತು, ನಡುಬೀದಿ, ಎದುರಿಗೆ ಎಮ್ಮೆ ಹೊಡೆದುಕೊಂಡು ಬರುವವರು. ಯಾವುದನ್ನೂ ನೋಡದೆ ಧೂಳಿನಲ್ಲಿ ಬಗ್ಗಿ ಹಾಲಮ್ಮನವರ ಎರಡೂ ಪಾದಕ್ಕೆ ಹಣೆ ಹಚ್ಚಿದೆ. ಎಷ್ಟು ಹೊತ್ತಾದರೂ ಏಳಲಿಲ್ಲವೆಂದು ಕಾಣುತ್ತದೆ.

ಅವರು ನನ್ನ ರಟ್ಟೆ ಹಿಡಿದು ಎಳೆದರು. "ಏಳ್ರೀ ಆಚಾರ್ರೇ, ಏಳಿ! ಎಮ್ಮೆ ಬರ್ತಾ ಇದಾವೆ. ತುಳಿದು ನಿಮ್ಮ ಕೈ ಮುರಿದ್ರೆ, ಕಟ್ಟೋಕೆ ನಾನಿದ್ದೀನಿ ಅನ್ನಿ, ನನ್ನ ಚೀಲ ತುಂಬೋರು ಯಾರು?"